ಏಣಿಯಿಂದ ಬಿದ್ದರೆ ಡಬ್ಲ್ಯು11

ನಮ್ಮ ಕಡೆ ಮೆಣಸು ಕೊಯ್ಯುವ ಕಾಲ ಬಂತೆಂದರೆ ಕೈ ಮುರಿಯುವ ಕಾಲವೂ ಬಂತು ಅಂತಲೇ ಲೆಕ್ಕ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಬಳ್ಳಿಯ ಆ ತುದಿಗೆ ಕೈ ಚಾಚಿದಾಗ ಕಾಲು ಜಾರುತ್ತದೆ. ಬೀಳುವಾಗ ಯಾರೇ ಆದರೂ ಕೈ ಊರುತ್ತಾರೆ. ಮಣಿಕಟ್ಟು ಹೋಗುತ್ತದೆ.

ವಿರಾಜಪೇಟೆ ಹತ್ತಿರದ ನಮ್ಮ ಪಕ್ಕದ ಮನೆಯ ಹುಡುಗಿ ದಿನವಿಡೀ ಇಂಥ ಮುರಿತಗಳನ್ನೇ ಓದುತ್ತಾಳೆ. ನಮ್ಮವಲ್ಲ, ಅಮೆರಿಕದವರದ್ದು. ಕೋಣೆಯ ಬಾಗಿಲು ಹಾಕಿಕೊಂಡೇ ಕೂರಬೇಕು. ರೋಗಿಯ ಕಾಗದ ಬೇರೆಯವರ ಕಣ್ಣಿಗೆ ಬೀಳಬಾರದು ಅಂತ ಅಲ್ಲಿ 1996ರ ಒಂದು ಕಾನೂನಿನಡಿ ನಿಯಮವಿದೆ. ಕೋಡಿಂಗ್ ಅಂದ ಕೂಡಲೇ ಊರವರು ಅವಳನ್ನು ಸಾಫ್ಟ್‌ವೇರ್‌ಗೆ ಸೇರಿಸಿಬಿಟ್ಟಿದ್ದಾರೆ. ಅವಳೂ ಸುಮ್ನೆ ತಲೆಯಾಡಿಸುತ್ತಾಳೆ.

ಅವಳ ಕೆಲಸ ಮೆಡಿಕಲ್ ಕೋಡಿಂಗ್. ಡಾಕ್ಟರ್ ಬರೆದದ್ದನ್ನು ಓದಿ, ಕಾಯಿಲೆಗೂ ಚಿಕಿತ್ಸೆಗೂ ಸರಿಯಾದ ಕೋಡ್ ಹುಡುಕುವುದು. ಅದನ್ನು ಬಿಲ್ಲಿಗೆ ಹಾಕಿ ವಿಮೆ ಕಂಪನಿಗೆ ಕಳಿಸುವುದು, ತಿರಸ್ಕಾರವಾದರೆ ಬೆನ್ನು ಹತ್ತುವುದು ಬಿಲ್ಲಿಂಗ್‌ನವರ ಪಾಲು. ಅಮೆರಿಕದ ಕಂಪನಿಗಳಿಗೆ ಫೋನ್ ಮಾಡುವವರು ರಾತ್ರಿಯೆಲ್ಲ ಎದ್ದಿರಬೇಕು. ಕೋಡ್ ಹುಡುಕುವವರಿಗೆ ಆ ಕಾಟ ಕಡಿಮೆ.

ನಮ್ಮ ಮೆಣಸಿನ ಕೆಲಸದವರನ್ನೇ ಅಮೆರಿಕದ ಆಸ್ಪತ್ರೆಗೆ ಕಳಿಸಿ ನೋಡೋಣ. ಬಲಗೈಯ ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿದೆ, ಚರ್ಮ ಹರಿದಿಲ್ಲ. ಕೊಲ್ಲೀಸ್ ಮುರಿತ ಅಂತ ಡಾಕ್ಟರ್ ಬರೆದಿದ್ದಾರೆ. ಕೋಡ್ ಎಸ್52.531ಎ. ಇದರಲ್ಲಿ ಮೊದಲ ಮೂರು ಅಕ್ಷರ ಮುಂಗೈ ಮುರಿತವನ್ನು ಹೇಳುತ್ತವೆ. ಕೊನೆಯ 1 ಅಂದರೆ ಬಲಗೈ. 2 ಆಗಿದ್ದರೆ ಎಡಗೈ. ಬಾಲದ 'ಎ' ನೋಡಿ ಮೊದಲ ಭೇಟಿ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗಲ್ಲ. ಮುರಿತಕ್ಕೆ ಚಿಕಿತ್ಸೆ ಇನ್ನೂ ನಡೆಯುತ್ತಿದೆ ಅಂತ ಅದರ ಅರ್ಥ. ಮೂಳೆ ಸರಿಯಾಗಿ ಕೂಡಿಕೊಳ್ಳುತ್ತಿರುವಾಗ ತೋರಿಸಲು ಬಂದರೆ 'ಡಿ'. ಸೊಟ್ಟಗೆ ಕೂಡಿದರೆ 'ಪಿ', ಕೂಡದೇ ಹೋದರೆ 'ಕೆ'. ಏಣಿಯಿಂದ ಬಿದ್ದದ್ದಕ್ಕೆ ಬೇರೆ ಕೋಡ್, ಡಬ್ಲ್ಯು11. ಮರದಿಂದಲೇ ಬಿದ್ದಿದ್ದರೆ ಡಬ್ಲ್ಯು14.

ಇಷ್ಟೂ ಕಾಯಿಲೆಯ ಕಡೆಯದು. ಡಾಕ್ಟರ್ ಏನು ಮಾಡಿದರು ಅನ್ನೋದಕ್ಕೆ ಇನ್ನೊಂದು ಪುಸ್ತಕ, ಸಿಪಿಟಿ. ಅಮೆರಿಕದ ವೈದ್ಯರ ಸಂಘ ಅದನ್ನು 1966ರಲ್ಲಿ ಶುರು ಮಾಡಿತು. ಮುರಿದ ಮೂಳೆಯನ್ನು ಹಾಗೇ ಬಿಟ್ಟು ಪ್ಲಾಸ್ಟರ್ ಹಾಕಿದರೆ 25600. ಎಳೆದು ಜಾಗಕ್ಕೆ ಕೂರಿಸಿ ಹಾಕಿದರೆ 25605. ಎರಡನೆಯದಕ್ಕೆ ದುಡ್ಡು ಜಾಸ್ತಿ. ಈಗ ಡಾಕ್ಟರ್ ಎಳೆದು ಕೂರಿಸಿದ್ದು ನಿಜ, ಆದರೆ ಅವಸರದಲ್ಲಿ 'ಪ್ಲಾಸ್ಟರ್ ಹಾಕಿದೆ' ಅಂತ ಮಾತ್ರ ಬರೆದರು ಅನ್ನಿ. ಎಕ್ಸ್‌ರೇ ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ, ಅಲ್ವಾ? ಆದರೂ ಹುಡುಗಿ 25605 ಹಾಕುವಂತಿಲ್ಲ. ಬರೆದಿಲ್ಲ ಅಂದರೆ ಮಾಡಿಲ್ಲ. ಡಾಕ್ಟರಿಗೆ ಪ್ರಶ್ನೆ ಕಳಿಸಿ ಕಾಯಬೇಕು. ಊಹಿಸಿ ಹಾಕಿ ಸಿಕ್ಕಿಬಿದ್ದರೆ ಅದು ಮೋಸದ ಬಿಲ್ಲು.

ನನಗೆ ಈ ಕೆಲಸದ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿಯೇ. ಗೊತ್ತಿದ್ದೂ ಊಹಿಸದೆ ಕೂರುವುದು ಸುಲಭವಲ್ಲ.

ಕಾಯಿಲೆಯ ಕೋಡ್‌ಗಳ ಪಟ್ಟಿ ಹುಟ್ಟಿದ್ದು ಬಿಲ್ಲಿಗಾಗಿ ಅಲ್ಲ, ಸಾವು ಎಣಿಸಲಿಕ್ಕೆ. ಫ್ರಾನ್ಸಿನ ಜಾಕ್ ಬರ್ಟಿಯೋಂ 1893ರಲ್ಲಿ ಸಾವಿನ ಕಾರಣಗಳ ಒಂದು ಪಟ್ಟಿ ಮುಂದಿಟ್ಟರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಅದೇ ಐಸಿಡಿ. ಅಮೆರಿಕ ಅದರ ಹತ್ತನೇ ಆವೃತ್ತಿಗೆ ಬಂದದ್ದು 2015ರ ಅಕ್ಟೋಬರ್ 1ಕ್ಕೆ. ಕಾಯಿಲೆಯ ಕೋಡ್‌ಗಳು ಸುಮಾರು 14,000 ಇದ್ದದ್ದು ಒಂದೇ ದಿನಕ್ಕೆ ಸುಮಾರು 70,000 ಆದವು. ಬಲ ಎಡ ಅಂತ ಬಿಡಿಸಿ ಬರೆದರೆ ಇನ್ನೇನಾಗುತ್ತದೆ?

ಆ ಪುಸ್ತಕದಲ್ಲಿ ಕನ್ನಡ ನಾಡಿನ ಒಂದು ಹಳ್ಳಿಯೂ ಇದೆ. ಎ98.2, ಕ್ಯಾಸನೂರು ಕಾಡಿನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿ ಪತ್ತೆಯಾದದ್ದು, ಉಣುಗಿನಿಂದ ಹರಡುವ ನಮ್ಮ ಮಂಗನ ಕಾಯಿಲೆ. ಮಳೆಗಾಲದಲ್ಲಿ ತೋಟಕ್ಕೆ ಕಾಲಿಟ್ಟರೆ ಹತ್ತುವ ಜಿಗಣೆಗೂ ಜಾಗ ಸಿಕ್ಕಿದೆ, ಬಿ88.3.

ಕಲಿಯಲು ಏನು ಬೇಕು ಅಂತ ಜನ ಕೇಳುತ್ತಾರೆ. ನರ್ಸಿಂಗ್, ಫಾರ್ಮಸಿ, ಜೀವಶಾಸ್ತ್ರ ಓದಿದವರಿಗೆ ದಾರಿ ಹತ್ತಿರ. ದೇಹದ ಭಾಗಗಳ ಇಂಗ್ಲಿಷ್ ಹೆಸರು, ಪದಗಳಿಗೆ ಅಂಟುವ ಗ್ರೀಕ್ ಲ್ಯಾಟಿನ್ ಬಾಲಗಳು ಬಾಯಿಗೆ ಬರಬೇಕು. ಎಎಪಿಸಿ ಅನ್ನುವ ಅಮೆರಿಕದ ಸಂಸ್ಥೆಯ ಸಿಪಿಸಿ ಪರೀಕ್ಷೆಗೆ ಬೆಲೆ ಇದೆ. ನಾಲ್ಕು ಗಂಟೆ, 100 ಪ್ರಶ್ನೆ, ಪಾಸಾಗಲು ಶೇಕಡಾ 70. ಕೋಡ್ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಅದನ್ನು ಕೇಳಿ ಹಿಗ್ಗಬೇಡಿ. ಪುಸ್ತಕದಲ್ಲಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಅನುಭವವಿಲ್ಲದೆ ಪಾಸಾದರೆ ಹೆಸರಿನ ಮುಂದೆ ಇನ್ನೂ ಒಂದು 'ಎ' ಅಂಟಿರುತ್ತದೆ, ಅಪ್ರೆಂಟಿಸ್ ಅಂತ. ನೂರಕ್ಕೆ ನೂರು ಕೆಲಸ ಕೊಡಿಸುತ್ತೇವೆ ಅನ್ನುವ ಬೋರ್ಡುಗಳನ್ನು ನಾನಂತೂ ನಂಬುವುದಿಲ್ಲ. ಫೀಸು ಕಟ್ಟುವ ಮೊದಲು ಅಲ್ಲಿ ಕಲಿತು ಕೆಲಸಕ್ಕೆ ಸೇರಿದ ಇಬ್ಬರನ್ನಾದರೂ ಮಾತಾಡಿಸಿ. ಕಂಪ್ಯೂಟರ್ ತಾನೇ ಓದಿ ಕೋಡ್ ಸೂಚಿಸುವುದೂ ಬಂದಿದೆ. ಸುಲಭದ ಕಾಗದಗಳು ಅದರ ಪಾಲಾಗುತ್ತಿವೆ, ತೊಡಕಿನವು ಮನುಷ್ಯರಿಗೆ ಬರುತ್ತಿವೆ.

ಮೊನ್ನೆ ಕರೆಂಟು ಹೋಗಿ ಅವಳು ಹೊರಗೆ ಬಂದಾಗ ಕೇಳಿದೆ. ಆನೆ ತುಳಿದರೆ ಯಾವ ಕೋಡ್? ಅಮೆರಿಕದ ಪುಸ್ತಕದಲ್ಲಿ ಓರ್ಕಾ ತಿಮಿಂಗಿಲ ಬಡಿದರೆ ಇದೆ, ಡಬ್ಲ್ಯು56.22. ಗಿಳಿ ಕಚ್ಚಿದರೆ ಇದೆ. ಆಮೆ ಬಡಿದರೂ ಇದೆ. ಹಸುವಿಗೆ, ಹಂದಿಗೆ ಬೇರೆ ಬೇರೆ. ಆನೆಗೆ ಇಲ್ಲ. ಡಬ್ಲ್ಯು55.8, 'ಇತರೆ ಸಸ್ತನಿಗಳು'. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಓಡಾಡಲು ಹೆದರುವ ಊರು ನಮ್ಮದು. ಇನ್ನೊಮ್ಮೆ ನೋಡು ಅಂದೆ. ಕರೆಂಟು ಬಂದ ಮೇಲೆ ನೋಡಿದಳು. 'ಇತರೆ'ಯೇ.