ಕ್ಷಯದ ಮಾತ್ರೆ ಮತ್ತು ಬೆಂಗಳೂರಿನ ಒಂದು ಹಳೇ ಸಂಶೋಧನೆ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಅದರ ಬ್ಯಾಕ್ಟೀರಿಯಾ ಯಾವುದು ಅಂತ ಆಗಲೇ ಗೊತ್ತಿತ್ತು. ನಾಲ್ಕು ವರ್ಷ ಮೊದಲೇ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಅದನ್ನು ಕಂಡುಹಿಡಿದಿದ್ದರು. ಆದರೂ ಜನ ಊರು ಬಿಟ್ಟು ಓಡಿದರು. ರೋಗಾಣುವಿನ ಗುರುತು ಸಿಕ್ಕರೆ ಸಾಲದು, ಅದು ಮೈಯೊಳಗೆ ಏನು ಮಾಡುತ್ತದೆ ಅನ್ನೋದೂ ತಿಳಿಯಬೇಕಲ್ವಾ?

ಅದನ್ನು ಹುಡುಕುವುದು ಜೀವರಸಾಯನ ಶಾಸ್ತ್ರದ ಕೆಲಸ. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಈ ವಿಭಾಗ 1921ರಲ್ಲೇ ಶುರುವಾಯಿತು. ಮುಂದೆ ಇದೇ ಸಂಸ್ಥೆಯಲ್ಲಿ ಪ್ರೊ. ಟಿ. ರಾಮಕೃಷ್ಣನ್ ಕೈಗೆತ್ತಿಕೊಂಡದ್ದು ಕ್ಷಯದ ಬ್ಯಾಕ್ಟೀರಿಯಾವನ್ನು.

ಅದು ಬಲು ಗಟ್ಟಿ. ಕಾಲರಾ ಬ್ಯಾಕ್ಟೀರಿಯಾ ವಿಷ ಬಿಟ್ಟು ಕಾಯಿಲೆ ತರುತ್ತದೆ. ಕಲ್ಕತ್ತೆಯ ಶಂಭುನಾಥ್ ಡೇ 1959ರಲ್ಲಿ ಅದನ್ನು ತೋರಿಸಿಕೊಟ್ಟರು. ಕ್ಷಯದ ದಾರಿ ಬೇರೆ. ಶ್ವಾಸಕೋಶದ ರಕ್ಷಣಾ ಕೋಶ ಈ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ನುಂಗಿದ್ದು ಆಮ್ಲದ ಚೀಲ ಸೇರಿ ಕರಗಬೇಕು. ಇದು ಅಲ್ಲಿಗೆ ಸೇರದಂತೆ ತಡೆದು, ಕೋಶದೊಳಗೇ ಠಿಕಾಣಿ ಹೂಡುತ್ತದೆ. ವರ್ಷಗಟ್ಟಲೆ ಸುಮ್ನೆ ಇದ್ದುಬಿಡಬಲ್ಲದು. ರೋಗ ಎದ್ದಾಗ ಶ್ವಾಸಕೋಶ ಹಾಳಾಗುವುದರಲ್ಲಿ ನಮ್ಮ ದೇಹದ ಹೋರಾಟದ ಪಾಲೂ ಜಾಸ್ತಿಯೇ.

1952ರಲ್ಲಿ ಐಸೋನಿಯಾಜಿಡ್ ಮಾತ್ರೆ ಬಂತು. ಅಗ್ಗದ, ಒಳ್ಳೇ ಔಷಧ. ಆದರೆ ಕೆಲವು ಬ್ಯಾಕ್ಟೀರಿಯಾ ಅದಕ್ಕೆ ಜಗ್ಗಲಿಲ್ಲ. ಪ್ರಯೋಗಾಲಯದವರು ಒಂದು ವಿಚಿತ್ರ ಗಮನಿಸಿದರು. ಬೆಳೆಸಿದ ಕ್ಷಯದ ಬ್ಯಾಕ್ಟೀರಿಯಾ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹನಿ ಬಿಟ್ಟರೆ ನೊರೆ ಏಳುತ್ತದೆ. ಮಾತ್ರೆಗೆ ಜಗ್ಗದ ಹಲವು ಬ್ಯಾಕ್ಟೀರಿಯಾಗಳಲ್ಲಿ ಆ ನೊರೆ ಸರಿಯಾಗಿ ಬರುತ್ತಿರಲಿಲ್ಲ. ಅಂದರೆ ಯಾವುದೋ ಕಿಣ್ವ ಕೈಕೊಟ್ಟಿದೆ.

ರಾಮಕೃಷ್ಣನ್ ಮತ್ತು ಜೊತೆಗಾರರು ಆ ಜಾಡು ಹಿಡಿದರು. ಪೆರಾಕ್ಸಿಡೇಸ್ ಕಿಣ್ವವನ್ನು ಶುದ್ಧ ಮಾಡಿ ತೆಗೆದು, ಐಸೋನಿಯಾಜಿಡ್ ಕೆಲಸದಲ್ಲಿ ಅದರ ಪಾತ್ರ ಇರಬಹುದು ಅಂತ 1975ರಲ್ಲಿ ಬರೆದರು. ಆಗ ಜೀನ್ ಓದುವ ಸೌಕರ್ಯ ಎಲ್ಲಿತ್ತು? ಬೆಂಗಳೂರಿನವರು ಹೆಮ್ಮೆಯಿಂದ ತಿಳಿದಿರಬೇಕಾದ ಕೆಲಸ ಇದು.

1992ರಲ್ಲಿ ಯುರೋಪಿನ ವಿಜ್ಞಾನಿಗಳು ಈ ಕಿಣ್ವದ ಜೀನ್ ಹಿಡಿದರು. ಅದರ ಹೆಸರು ಕ್ಯಾಟ್‌ಜಿ. ಮಾತ್ರೆ ತಾನಾಗಿ ವಿಷವಲ್ಲ. ಬ್ಯಾಕ್ಟೀರಿಯಾ ತನ್ನದೇ ಕಿಣ್ವದಿಂದ ಅದನ್ನು ವಿಷ ಮಾಡಿಕೊಂಡು ಸಾಯುತ್ತದೆ, ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗೆ. ಆ ಜೀನ್ ಕೆಟ್ಟ ಬ್ಯಾಕ್ಟೀರಿಯಾ ಬದುಕುಳಿಯುತ್ತದೆ. ಕ್ಷಯಕ್ಕೆ ಒಂದೇ ಮಾತ್ರೆ ಕೊಡದೆ ನಾಲ್ಕು ಔಷಧ ಸೇರಿಸಿ ಶುರುಮಾಡುವುದು ಇಂಥವು ಉಳಿಯಬಾರದು ಅಂತಲೇ.

ಈಗ ಕಫದ ಪರೀಕ್ಷೆಯಲ್ಲೇ ಕ್ಯಾಟ್‌ಜಿ ಬದಲಾಗಿದೆಯಾ ಅಂತ ನೋಡುತ್ತಾರೆ. ಕೆಲವೇ ದಿನಗಳಲ್ಲಿ ಉತ್ತರ ಸಿಗುತ್ತದೆ. ಬ್ಯಾಕ್ಟೀರಿಯಾ ಬೆಳೆಸಿ ನೋಡುವುದಾದರೆ ವಾರಗಟ್ಟಲೆ ಕಾಯಬೇಕು. ಯಾಕೆಂದರೆ ಅದು ಒಂದರಿಂದ ಎರಡಾಗುವುದಕ್ಕೇ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ.