ಬೀಗ ಹಾಕಿದ ಬೀರು: ಆಯ್ಕೆ ಎಲ್ಲಿ ಮುಗಿಯುತ್ತೆ, ಸೆನ್ಸಾರ್ ಎಲ್ಲಿ ಶುರು?

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಲೈಬ್ರರಿ ಸೈನ್ಸ್ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಬೌದ್ಧಿಕ ಸ್ವಾತಂತ್ರ್ಯದ (ಬೇಕಾದ್ದನ್ನು ಓದುವ, ತಿಳಿಯುವ ಹಕ್ಕಿನ) ಪಾಠದಲ್ಲಿ ನಾನು ಎಡವಿದ್ದು ಒಂದೇ ಕಡೆ. ಯಾವ ಕಾಲೇಜಿನ ಲೈಬ್ರರಿಯೂ ಎಲ್ಲ ಪುಸ್ತಕ ಕೊಳ್ಳುವುದಿಲ್ಲ. ದುಡ್ಡೂ ಸಾಲದು, ಜಾಗವೂ ಸಾಲದು. ಹಾಗಾದರೆ ಬಿಟ್ಟಿದ್ದೆಲ್ಲ ಸೆನ್ಸಾರ್ ಆಯಿತಾ?

ಅಮೆರಿಕದ ಲೈಬ್ರರಿ ಸೈನ್ಸ್ ವಿದ್ವಾಂಸ ಲೆಸ್ಟರ್ ಆಶೈಮ್ 1953ರಲ್ಲೇ ಇದಕ್ಕೆ ಉತ್ತರ ಬರೆದಿದ್ದಾರೆ. ಆಯ್ಕೆ ಮಾಡುವವರು ಪುಸ್ತಕ ಇಟ್ಟುಕೊಳ್ಳಲು ಕಾರಣ ಹುಡುಕುತ್ತಾರೆ. ಸೆನ್ಸಾರ್ ಮಾಡುವವರು ತೆಗೆದುಹಾಕಲು ಕಾರಣ ಹುಡುಕುತ್ತಾರೆ. ಅವರು ಇಡೀ ಪುಸ್ತಕ ನೋಡುತ್ತಾರೆ, ಇವರು ಒಂದು ಸಾಲು ಹಿಡಿದುಕೊಂಡು ಕೂರುತ್ತಾರೆ.

ನಮ್ಮೂರಿನದೇ ಉದಾಹರಣೆ ನೋಡಿ. 1905ರಲ್ಲಿ ಸಂಸ್ಕೃತ ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಬಂದದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. 1909ರಲ್ಲಿ ಅಚ್ಚಾಯಿತು. ಅದರಲ್ಲಿ ಬರೀ ರಾಜನೀತಿಯಾ? ವಿಷ ತಯಾರಿಸುವುದು, ಗೂಢಚಾರರ ಮೋಸ, ವೇಶ್ಯೆಯರ ಮೇಲಿನ ತೆರಿಗೆ, ಎಲ್ಲ ಇದೆ. ‘ಓದಿದವರು ಕೆಡ್ತಾರೆ’ ಎಂದು ಯಾರಾದರೂ ನಡುವೆ ನಾಲ್ಕು ಗರಿ ಕಿತ್ತಿದ್ದರೆ?

ನಿಷೇಧದ ಕಾನೂನು ಬೇರೆ. ಪುಸ್ತಕ ಮುಟ್ಟುಗೋಲು ಹಾಕುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮೊದಲು ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 95, 2024ರ ಜುಲೈಯಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 98. ಆದೇಶದಲ್ಲಿ ಕಾರಣ ಬರೆಯಲೇಬೇಕು. 2 ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಸರ್ಕಾರಕ್ಕೇ ಇಷ್ಟು ಕಟ್ಟುಪಾಡು. ಫೋನ್ ಮಾಡಿ ‘ಆ ಪುಸ್ತಕ ತೆಗೀರಿ’ ಅನ್ನುವವರಿಗೆ ಯಾವುದೂ ಇಲ್ಲ, ಅಲ್ವಾ? ಅದಕ್ಕೇ ಲೈಬ್ರರಿಯವರು ದೂರನ್ನು ಬರಹದಲ್ಲಿ ಕೇಳಬೇಕು. ಪುಸ್ತಕ ಆರಿಸುವ ನಿಯಮವನ್ನೂ ಜಗಳ ಶುರುವಾಗುವ ಮೊದಲೇ ಬರೆದಿಟ್ಟಿರಬೇಕು.

ನನ್ನ ಪ್ರಕಾರ ನಿಷೇಧಕ್ಕಿಂತ ಜಾಸ್ತಿ ಪುಸ್ತಕ ಮರೆಯಾಗುವುದು ಬೀರುವಿನಲ್ಲಿ. ಪುಡಿಯಾಗುವ ಹಳೇ ಪುಸ್ತಕಕ್ಕೆ ಬೀಗ ಹಾಕಲಿ, ಸರಿ. ಗಲಾಟೆಯಾದೀತೆಂದು ಹಾಕಿದರೆ? ನಮ್ಮ ದೇಶದ ಲೈಬ್ರರಿ ಸೈನ್ಸಿನ ಪಿತಾಮಹ ರಂಗನಾಥನ್ 1931ರ ಲೈಬ್ರರಿ ಸೂತ್ರಗಳಲ್ಲಿ ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂದಿದ್ದಾರೆ. ಬೀರುವಿನ ಪುಸ್ತಕಕ್ಕೆ ಓದುಗ ಎಲ್ಲಿಂದ ಬರಬೇಕು?

ಡಿಗ್ರಿ ಓದುವಾಗ ಮಂಡ್ಯದ ಒಂದು ಕಾಲೇಜಿನಲ್ಲಿ ನನಗೇ ಹೀಗಾಯಿತು. ಕ್ಯಾಟಲಾಗಿನಲ್ಲಿ ಪುಸ್ತಕ ಇತ್ತು, ರ‍್ಯಾಕಿನಲ್ಲಿ ಇರಲಿಲ್ಲ. ಲೈಬ್ರರಿಯನ್ನರನ್ನು ಕೇಳಿದೆ.

“ಅದು ಬೀರುವಿನಲ್ಲಿದೆ ಕಣಪ್ಪ. ಯಾಕೆ ಬೇಕಿತ್ತು?”

ಗದರಲಿಲ್ಲ, ಮೆಲ್ಲಗೇ ಕೇಳಿದರು. ನಾನು “ಸುಮ್ನೆ ಸರ್” ಎಂದು ಬೇರೆ ಪುಸ್ತಕ ಬರೆಸಿಕೊಂಡು ಬಂದೆ. ಆ ಪುಸ್ತಕ ಬೇಕೆಂದು ಬಂದವರ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರಲಿಕ್ಕಿಲ್ಲ.