ಡಿ-ಡೇ: ಆ ‘ಡಿ’ ಅಂದರೆ ಏನು?

ಪರೀಕ್ಷೆಯ ಹಿಂದಿನ ರಾತ್ರಿ ‘ನಾಳೆನೇ ಡಿ-ಡೇ’ ಅಂತ ಸ್ಟೇಟಸ್ ಹಾಕುವವರಿದ್ದಾರೆ. ಮತ ಎಣಿಕೆಯ ದಿನ ಟಿವಿಯವರಿಗೂ ಇದೇ ಪದ ಬೇಕು. ಆ ‘ಡಿ’ ಅಂದರೆ ಏನು ಅಂತ ಕೇಳಿ ನೋಡಿ, ಒಬ್ಬರು ಡಿಸಿಷನ್ ಅಂತಾರೆ, ಇನ್ನೊಬ್ಬರು ಡೂಮ್ಸ್‌ಡೇ ಅಂತಾರೆ. ನಿಜಕ್ಕೂ ಅದು ಬರೀ ‘ಡೇ’. ಅಂದರೆ ದಿನದ ದಿನ! ಫ್ರೆಂಚರು ಇದನ್ನೇ ‘ಜೂರ್ ಜೆ’ ಅನ್ನುತ್ತಾರೆ. ಜೂರ್ ಅಂದರೆ ದಿನ, ಜೆ ಅದರ ಮೊದಲ ಅಕ್ಷರ.

ಇಂಥ ಪದ ಸೇನೆಗೆ ಯಾಕೆ ಬೇಕಾಯಿತು? ನಮ್ಮ ಮದುವೆ ಮನೆಯ ಲೆಕ್ಕ ನೆನಪಿಸಿಕೊಳ್ಳಿ. ಎರಡು ದಿನ ಮುಂಚೆ ಚಪ್ಪರ, ಹಿಂದಿನ ಸಂಜೆ ವರಪೂಜೆ, ಆಮೇಲೆ ಬೀಗರೂಟ. ಮುಹೂರ್ತ ಇನ್ನೂ ಗೊತ್ತಾಗದಿದ್ದರೂ ಈ ಪಟ್ಟಿ ತಯಾರಿರುತ್ತದೆ, ಅಲ್ವಾ? ಸೇನೆಯದೂ ಅದೇ ಲೆಕ್ಕ. ದಾಳಿಯ ದಿನ ‘ಡಿ’, ಶುರುವಾಗುವ ಗಳಿಗೆ ‘ಎಚ್’. ಹಿಂದಿನ ದಿನ ಡಿ ಮೈನಸ್ 1, ಮೂರು ದಿನ ಕಳೆದರೆ ಡಿ ಪ್ಲಸ್ 3. ತಾರೀಕು ಮುಂದೆ ಹೋದರೂ ಯೋಜನೆಯನ್ನು ಹೊಸದಾಗಿ ಬರೆಯಬೇಕಿಲ್ಲ. ಕಾಗದ ಶತ್ರುವಿನ ಕೈಗೆ ಸಿಕ್ಕರೂ ದಿನ ಯಾವುದೆಂದು ತಿಳಿಯುವುದಿಲ್ಲ. 1918ರ ಸೆಪ್ಟೆಂಬರ್‌ನಲ್ಲೇ, ಮೊದಲ ಮಹಾಯುದ್ಧದಲ್ಲಿ, ಅಮೆರಿಕದ ಸೇನಾ ಆದೇಶವೊಂದರಲ್ಲಿ ಈ ಪದ ಬಂದಿತ್ತು.

ಹಾಗಾಗಿ ಪ್ರತಿ ದೊಡ್ಡ ದಾಳಿಗೂ ಒಂದು ಡಿ-ಡೇ ಇರುತ್ತದೆ. ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದ್ದು 1944ರ ಜೂನ್ 15. ಆದರೆ ಜಗತ್ತಿಗೆ ನೆನಪಿರುವುದು ಅದೇ ಜೂನ್ 6, ಫ್ರಾನ್ಸಿನ ನಾರ್ಮಂಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ, ಬ್ರಿಟನ್ ಮತ್ತಿತರ ಮಿತ್ರದೇಶಗಳ ಸೇನೆ, ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನ ಈ ಕರಾವಳಿಗೆ ಇಳಿದ ದಿನ ಅದು.

ಆ ಮುಹೂರ್ತವೂ ಸುಲಭಕ್ಕೆ ಸಿಕ್ಕಿದ್ದಲ್ಲ. ರಾತ್ರಿ ಇಳಿಯುವ ಪ್ಯಾರಾಟ್ರೂಪರ್‌ಗಳಿಗೆ ಬೆಳದಿಂಗಳು ಬೇಕು. ಬೆಳಗಿನ ಹೊತ್ತಿಗೆ ಸಮುದ್ರ ಇಳಿದಿರಬೇಕು, ಇಲ್ಲದಿದ್ದರೆ ಜರ್ಮನ್ನರು ದಂಡೆಯಲ್ಲಿ ನೆಟ್ಟ ಅಡ್ಡಗಂಬಗಳು ನೀರಲ್ಲಿ ಮುಳುಗಿ ಕಾಣುವುದಿಲ್ಲ. ಎರಡೂ ಕೂಡಿಬರುವ ದಿನಗಳು ತಿಂಗಳಲ್ಲಿ ಬೆರಳೆಣಿಕೆಯಷ್ಟು. ಮೊದಲು ಗೊತ್ತಾಗಿದ್ದು ಜೂನ್ 5. ಬಿರುಗಾಳಿ ಬರುತ್ತದೆ ಎಂದು ಹವಾಮಾನ ತಜ್ಞ ಜೇಮ್ಸ್ ಸ್ಟ್ಯಾಗ್ ಹೇಳಿದ ಮೇಲೆ ಮಿತ್ರಸೇನೆಯ ಮುಖ್ಯಸ್ಥ ಐಸೆನ್‌ಹೋವರ್ ಒಂದು ದಿನ ಮುಂದೆ ಹಾಕಿದರು. ಮರುದಿನ ಸ್ವಲ್ಪ ಬಿಡುವು ಸಿಗಬಹುದು ಅಂದವರೂ ಸ್ಟ್ಯಾಗ್ ಅವರೇ. ಆ ಒಂದೇ ದಿನ ಸುಮಾರು 1,56,000 ಸೈನಿಕರು ಇಳಿದರು. ಹೆಸರು ಸಮೇತ ಸಿಕ್ಕ ಲೆಕ್ಕದಲ್ಲಿ ಸತ್ತವರು 4,414.

ಇವರ ನೆನಪಿಗೆ ಪ್ರತಿ ಜೂನ್ 6ರಂದು ನಾರ್ಮಂಡಿಯಲ್ಲಿ ಜನ ಸೇರುತ್ತಾರೆ. ಇದನ್ನು ‘ವಾರ್ಷಿಕೋತ್ಸವ’ ಅಂತ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಇದರಲ್ಲಿ ಉತ್ಸವ ಎಲ್ಲಿದೆ? ‘ಸ್ಮರಣೆಯ ದಿನ’ ಅಂದರೆ ಸಾಕು. 2004ರಲ್ಲಿ, ಅಂದರೆ 60 ವರ್ಷ ಕಳೆದ ಮೇಲೆ, ಮೊದಲ ಸಲ ಜರ್ಮನಿಯ ಚಾನ್ಸಲರ್ ಕೂಡ ಬಂದರು.

ನಮ್ಮ ಕಡೆಯ ಒಂದು ಮಾತನ್ನೂ ಸೇರಿಸಬೇಕು. ಅದೇ ಹೊತ್ತಿಗೆ ಕೊಹಿಮಾ, ಇಂಫಾಲದಲ್ಲಿ ಭಾರತದ ಸೈನಿಕರು ಜಪಾನೀಯರ ಎದುರು ಹೋರಾಡುತ್ತಿದ್ದರು. ಇಂಫಾಲದ ಮುತ್ತಿಗೆ ಒಡೆದಿದ್ದು ಜೂನ್ 22ರಂದು. ನಾರ್ಮಂಡಿಯ ಲೆಕ್ಕದಲ್ಲಿ ಡಿ ಪ್ಲಸ್ 16! ಅವರಿದ್ದ ಬ್ರಿಟಿಷರ ಹದಿನಾಲ್ಕನೇ ಸೇನೆಗೆ ‘ಮರೆತುಹೋದ ಸೇನೆ’ ಎಂಬ ಹೆಸರು ಸುಮ್ನೆ ಬಂದಿದ್ದಲ್ಲ.

ಅತಿ ಜಾಸ್ತಿ ಸಾವಾದ ಒಮಾಹಾ ದಂಡೆಯ ಮೇಲಿನ ಗುಡ್ಡದಲ್ಲಿ ಅಮೆರಿಕದ ಸೈನಿಕರ ಸ್ಮಶಾನವಿದೆ. 9,300ಕ್ಕೂ ಹೆಚ್ಚು ಬಿಳಿ ಅಮೃತಶಿಲೆಯ ಗುರುತುಗಳು. ಬಿಳಿ ಕಲ್ಲಿನಲ್ಲಿ ಕೊರೆದ ಬಿಳಿ ಅಕ್ಷರ ದೂರಕ್ಕೆ ಕಾಣುವುದಿಲ್ಲ. ಮನೆಯವರು ಬಂದಾಗ ಅಲ್ಲಿನ ಸಿಬ್ಬಂದಿ ಒದ್ದೆ ಮರಳನ್ನು ಅಕ್ಷರಗಳ ಮೇಲೆ ತಿಕ್ಕಿ, ಮೇಲ್ಭಾಗ ಒರೆಸುತ್ತಾರೆ. ಹೆಸರು ಹೊನ್ನಿನ ಬಣ್ಣದಲ್ಲಿ ಎದ್ದು ಕಾಣುತ್ತದೆ. ಆ ಮರಳು ತರುವುದು ಕೆಳಗಿನ ಒಮಾಹಾ ದಂಡೆಯಿಂದಲೇ.